ಅಭಯವೂ ವಿಶ್ರಾಂತಿಯೂ

ಶರೀರವೆಂಬ ಮನೆಯು ಮೂರು ಊರೆಗಂಬಗಳ ಮೇಲೆ ನಿಂತಿರುವುದೆಂದು ವೈದ್ಯಶಾಸ್ತ್ರದ ಹಿರಿಯರು ಹೇಳಿರುವರು. ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಈ ಮೂರನ್ನು ಚರಕಸಂಹಿತೆಯು ಉಪಸ್ತಂಭಗಳೆಂದು ಎಣಿಸಿದೆ. ಆದುದರಿಂದ ದುಡಿದು ದಣಿದವನು ವಿಶ್ರಾಂತಿಯನ್ನು ಬಯಸುವುದು ಆಲಸ್ಯದ ಲಕ್ಷಣವಲ್ಲ. ಹಸಿದವನು ಅನ್ನವನ್ನು ಬಯಸುವಷ್ಟೇ ಅದು ಸಹಜವಾದುದು. ಆದರೆ ಹಸಿದವನಿಗೂ ಒಂದು ಧರ್ಮವುಂಟು. ಅವನು ಕಂಡಕಂಡವರ ಅಡಿಗೆಮನೆಗೆ ನುಗ್ಗಿ ಉಣ್ಣತಕ್ಕದ್ದಲ್ಲ. ಹಾಗೆಯೇ ವಿಶ್ರಾಂತಿಯನ್ನು ಅರಸುವವನೂ ಅದನ್ನು ಎಲ್ಲಿ ಪಡೆಯುತ್ತಿರುವೆನು, ಯಾರ ಪಾಲಿನಿಂದ ಪಡೆಯುತ್ತಿರುವೆನು ಎಂಬುದನ್ನು ವಿಚಾರಿಸಬೇಕಾಗುವುದು. ಈ ವಿಚಾರವು ಮೇಲುನೋಟಕ್ಕೆ ಅಲ್ಪವಾಗಿ ತೋರಿದರೂ ಅದರ ಬೇರು ಆಳಕ್ಕೆ ಇಳಿದಿರುವುದು.

ಈಚಿನ ವರ್ಷಗಳಲ್ಲಿ ಪಟ್ಟಣಗಳ ವಿದ್ಯಾವಂತರಲ್ಲಿ ಒಂದು ಹೊಸ ಅಭ್ಯಾಸವು ಕಾಣಬರುತ್ತಲಿದೆ. ಬಿಡುವಿನ ದಿನದಲ್ಲಿ ಅವರು ಒಂದು ಸಣ್ಣ ಚೀಲವನ್ನು ಹೆಗಲಿಗೇರಿಸಿ ಸಮೀಪದ ಕಾಡಿಗೋ ಬೆಟ್ಟಕ್ಕೋ ಹೋಗುವರು. ಚೀಲದಲ್ಲಿ ಮುಷ್ಟಿಯಷ್ಟು ಗಾತ್ರಕ್ಕೆ ಮಡಿಸಬಹುದಾದ ನೈಲಾನು ಬಟ್ಟೆಯ ಒಂದು ಹಾಸಿಗೆಯಿರುವುದು. ಅದರ ಎರಡು ತುದಿಗಳನ್ನು ಎರಡು ಮರಗಳಿಗೆ ಕಟ್ಟಿ ನಡುವೆ ಮಲಗಿದರೆ ಅದು ಮೆಲ್ಲನೆ ತೂಗುವುದು. ಹ್ಯಾಮಕ್ ಎಂದು ಕರೆಯಲ್ಪಡುವ ಇದಕ್ಕೆ ಕನ್ನಡದಲ್ಲಿ ತೂಗುಜೋಲಿ ಎಂಬ ಹೆಸರು ಚೆನ್ನಾಗಿ ಒಪ್ಪುವುದು. 2023ರಲ್ಲಿ ಬೆಂಗಳೂರು ಮೈಸೂರುಗಳ ನಡುವಣ ಹೊಸ ಹೆದ್ದಾರಿಯು ಉದ್ಘಾಟನೆಯಾದ ಮೇಲೆ ಮಂಡ್ಯ ಜಿಲ್ಲೆಯ ಬೆಟ್ಟ, ನದಿ, ಕುರುಚಲು ಕಾಡುಗಳೆಲ್ಲವೂ ರಾಜಧಾನಿಯವರಿಗೆ ಅಂಗಳದಷ್ಟು ಹತ್ತಿರವಾಗಿವೆ. ಜೋಲಿಯನ್ನು ಕಟ್ಟುವುದಕ್ಕೆ ಪ್ರಶಾಂತವಾದ ಸ್ಥಳವು ಎಲ್ಲಿ ದೊರೆಯುವುದು ಎಂದು ಒಬ್ಬರನ್ನೊಬ್ಬರು ಕೇಳುವವರಿಗೂ, ಕಂಡ ಸ್ಥಳವನ್ನು ಹತ್ತು ಜನಕ್ಕೆ ಹೇಳುವವರಿಗೂ ಕೊರತೆಯಿಲ್ಲ.

ಇಲ್ಲಿಯೇ ಸಂಶಯವು ಹುಟ್ಟುವುದು. ಸರ್ಕಾರವಾಗಲಿ ಊರವರಾಗಲಿ ಮೃಗಪಕ್ಷಿಗಳಿಗೆಂದು ಕಾದಿಟ್ಟ ಕಾಡಿನಲ್ಲಿ ಮನುಷ್ಯನು ತನ್ನ ಶಾಂತಿಗಾಗಿ ಜೋಲಿಯನ್ನು ಕಟ್ಟಿಕೊಳ್ಳುವುದು ಧರ್ಮ್ಯವೇ ಅಲ್ಲವೇ? ಶಾಂತಿಯೆಂಬುದು ಆ ಸ್ಥಳದ ಗುಣವೋ, ಅಲ್ಲಿಗೆ ಹೋದವನ ಮನಸ್ಸಿನ ಗುಣವೋ? ಸ್ಥಳದ ಗುಣವಾದರೆ ಹೋದವನು ಅದನ್ನು ಅನುಭವಿಸುವುದರಿಂದ ಅದು ಸವೆಯುವುದೋ ಸವೆಯದೋ? ಈ ಪ್ರಶ್ನೆಗಳಿಗೆ ಉತ್ತರವು ದೊರೆತ ಹೊರತು ಸ್ಥಳವನ್ನು ಹುಡುಕುವ ಕೆಲಸವು ಅರ್ಧವಾಗಿಯೇ ಉಳಿಯುವುದು.

ತೂಗುವ ಹಾಸಿಗೆಯು ಈ ನಾಡಿಗೆ ಹೊಸತೇನೂ ಅಲ್ಲ. ಕಬ್ಬಿನ ಗದ್ದೆಯಲ್ಲಿ ಕಳೆ ಕೀಳುವ ತಾಯಿಯು ಬದುವಿನ ಮೇಲಣ ಹೊಂಗೆಯ ಕೊಂಬೆಗೆ ಹಳೆಯ ಸೀರೆಯೊಂದನ್ನು ಜೋಲಿಯಾಗಿ ಕಟ್ಟಿ ಅದರಲ್ಲಿ ಕೂಸನ್ನು ಮಲಗಿಸುವುದು ಇಂದಿಗೂ ಕಾಣಸಿಗುವ ನೋಟವು. ಸಾಲಿನ ಕೊನೆಗೆ ಬಂದಾಗಲೆಲ್ಲ ಅವಳು ಅದನ್ನೊಮ್ಮೆ ತೂಗಿ ಮುಂದಕ್ಕೆ ನಡೆಯುವಳು. ಮನೆಯ ತೊಟ್ಟಿಲು, ಹಜಾರದ ಉಯ್ಯಾಲೆಮಣೆ, ದೇವಾಲಯದ ಡೋಲೋತ್ಸವ ಇವೆಲ್ಲವೂ ಅದೇ ಕುಲಕ್ಕೆ ಸೇರಿದವು. ಇನ್ನೂ ಹಿಂದಕ್ಕೆ ಹೋದರೆ ಮಹಾವ್ರತವೆಂಬ ಯಾಗದಿನದಲ್ಲಿ ಹೋತೃವು ಪ್ರೇಂಖವೆಂಬ ಉಯ್ಯಾಲೆಯ ಮೇಲೆ ಕುಳಿತು ಶಸ್ತ್ರವನ್ನು ಪಠಿಸುವ ವಿಧಿಯು ಐತರೇಯ ಆರಣ್ಯಕದಲ್ಲಿ ದೊರೆಯುವುದು. ತೂಗುವಿಕೆಯಲ್ಲಿ ದೇಹವು ನೆಲದ ಹಂಗನ್ನು ಸ್ವಲ್ಪ ಹೊತ್ತು ತೊರೆಯುವುದು. ಆ ತೊರೆಯುವಿಕೆಯಲ್ಲಿ ಶಿಶುವಿಗೆ ನಿದ್ರೆಯೂ ದೊಡ್ಡವನಿಗೆ ನೆಮ್ಮದಿಯೂ ಬರುವುವು.

ಆದರೆ ಹ್ಯಾಮಕ್ ಎಂಬ ಹೆಸರು ಬಂದುದು ಬೇರೆ ಕಡೆಯಿಂದ. ಅದರ ಕಥೆಯು ಪ್ರಕೃತ ವಿಷಯಕ್ಕೆ ಪಾಠವಾಗತಕ್ಕುದಾಗಿದೆ. ಅಮೆರಿಕದ ಕೆರಿಬಿಯನ್ ದ್ವೀಪಗಳಲ್ಲಿ ಟೈನೋ ಎಂಬ ಜನರು ವಾಸವಾಗಿದ್ದರು. ನೆಲದ ತೇವಕ್ಕೂ ಹುಳುಹುಪ್ಪಟೆಗಳಿಗೂ ಸಿಕ್ಕದಂತೆ ಅವರು ಹತ್ತಿಯ ನೂಲಿನಿಂದ ಬಲೆಯಂತಹ ಹಾಸಿಗೆಯನ್ನು ಹೆಣೆದು ಕಂಬಗಳ ನಡುವೆ ಕಟ್ಟಿ ಮಲಗುತ್ತಿದ್ದರು. ಅವರ ಮಾತಿನಲ್ಲಿ ಅದಕ್ಕೆ ಹಮಾಕ ಎಂದು ಹೆಸರು. 1492ರ ಅಕ್ಟೋಬರಿನಲ್ಲಿ ಆ ದ್ವೀಪಗಳಿಗೆ ಬಂದಿಳಿದ ಕೊಲಂಬಸನು ಅದನ್ನು ಕಂಡು ತನ್ನ ದಿನಚರಿಯಲ್ಲಿ ಬರೆದುಕೊಂಡನು. ಮುಂದಿನ ಶತಮಾನದಲ್ಲಿ ಯೂರೋಪಿನ ಹಡಗುಗಳ ನಾವಿಕರು ಅದನ್ನೇ ಹಾಸಿಗೆಯಾಗಿ ಮಾಡಿಕೊಂಡರು; ಅವರ ಭಾಷೆಗಳಲ್ಲಿ ಆ ಮಾತೂ ಉಳಿಯಿತು. ಹೆಸರನ್ನು ಕೊಟ್ಟ ಜನರ ಗತಿಯೇನಾಯಿತು? ಬಂದವರ ರೋಗಗಳಿಂದಲೂ, ಚಿನ್ನದ ಗಣಿಗಳಲ್ಲಿ ಬಲಾತ್ಕಾರವಾಗಿ ಮಾಡಿಸಿದ ದುಡಿತದಿಂದಲೂ, ಹಸಿವಿನಿಂದಲೂ ಅರ್ಧ ಶತಮಾನ ಕಳೆಯುವುದರೊಳಗಾಗಿ ಆ ದ್ವೀಪಗಳಲ್ಲಿ ಅವರು ವಿರಳವಾಗಿಹೋದರು. ಅತಿಥಿಯಾಗಿ ಬಂದವನು ಯಜಮಾನನಾಗಿ ನಿಂತನು. ಮಲಗಲು ಹಾಸಿಗೆಯನ್ನು ತೋರಿಸಿದವನಿಗೆ ಮಲಗಲು ನೆಲವಿಲ್ಲದೆ ಹೋಯಿತು. ಕಾಡಿನಲ್ಲಿ ಜೋಲಿಯನ್ನು ಕಟ್ಟುವವನು ಇಷ್ಟು ದೊಡ್ಡ ಪಾಪಕ್ಕೆ ಗುರಿಯಾಗುವನೆಂದು ಇದರ ತಾತ್ಪರ್ಯವಲ್ಲ. ತಂಗಲು ಎಡೆ ದೊರೆತ ಮಾತ್ರಕ್ಕೆ ಆ ಎಡೆಯು ತನ್ನದೆಂದು ತಿಳಿಯುವ ಬುದ್ಧಿಯು ಮನುಷ್ಯನಲ್ಲಿ ಎಷ್ಟು ಬೇಗನೆ ಮೊಳೆಯುವುದೆಂಬುದಕ್ಕೆ ಮಾತ್ರ ಇದು ನಿದರ್ಶನ.

ಈಗ ಮೊದಲಿನ ಪ್ರಶ್ನೆಗೆ ಬರುವುದು ಯುಕ್ತ. ಶಾಂತಿಗೆ ಸ್ಥಳವು ಮುಖ್ಯವೋ ಮನಸ್ಸು ಮುಖ್ಯವೋ ಎಂಬ ವಿಷಯದಲ್ಲಿ ಶಾಸ್ತ್ರಗಳಲ್ಲಿ ಎರಡು ಧಾಟಿಗಳು ಕಾಣುವುವು. ಯೋಗಾಭ್ಯಾಸಕ್ಕೆ ತಕ್ಕ ಸ್ಥಳವನ್ನು ವರ್ಣಿಸುತ್ತ ಶ್ವೇತಾಶ್ವತರೋಪನಿಷತ್ತು ಅದು ಸಮವಾಗಿರಬೇಕು, ಶುಚಿಯಾಗಿರಬೇಕು, ಹರಳು ಮರಳು ಬೆಂಕಿಗಳಿಲ್ಲದಿರಬೇಕು, ಮನಸ್ಸಿಗೆ ಹಿತವಾಗಿರಬೇಕು, ಕಣ್ಣಿಗೆ ಪೀಡೆಯಾಗದಿರಬೇಕು ಎಂದು ಲಕ್ಷಣಗಳನ್ನು ಹೇಳುವುದು. ಭಗವದ್ಗೀತೆಯ 13ನೆಯ ಅಧ್ಯಾಯವೂ ಏಕಾಂತಸ್ಥಳದ ಸೇವನೆಯನ್ನು ಜ್ಞಾನದ ಸಾಧನಗಳಲ್ಲಿ ಒಂದಾಗಿ ಎಣಿಸಿದೆ. ಇದು ಒಂದು ಧಾಟಿ. ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯವಾದರೋ ಚಿತ್ತಕ್ಕೆ ಏಕಾಗ್ರತೆಯು ಎಲ್ಲಿ ಉಂಟಾಗುವುದೋ ಅಲ್ಲಿಯೇ ಉಪಾಸನೆ, ದೇಶಕಾಲಗಳ ವಿಷಯದಲ್ಲಿ ಬೇರೆ ಕಟ್ಟಳೆಯಿಲ್ಲ ಎಂಬ ಅಭಿಪ್ರಾಯವನ್ನು ಹೇಳಿ ಮುಗಿಸುವುದು. ಇದು ಇನ್ನೊಂದು ಧಾಟಿ. ಇವೆರಡಕ್ಕೂ ವಿರೋಧವಿಲ್ಲವೆಂದು ಹಿರಿಯರು ಸಮನ್ವಯ ಮಾಡಿರುವರು. ಸ್ಥಳವು ಆರಂಭದಲ್ಲಿರುವವನಿಗೆ ಸಹಾಯಕವು. ಮನಸ್ಸು ಹದಗೊಂಡವನಿಗೆ ಎಲ್ಲವೂ ಏಕಾಂತವೇ.

ಈ ಸಮನ್ವಯವನ್ನು ಒಪ್ಪಿದರೂ ಒಂದು ಅಂಶವು ಉಳಿಯುವುದು. ಎರಡು ಧಾಟಿಗಳಲ್ಲಿಯೂ ವಿಚಾರವು ಸಾಧಕನ ಕಡೆಯಿಂದಲೇ ನಡೆದಿದೆ. ಸ್ಥಳವು ಅವನಿಗೆ ಏನನ್ನು ಕೊಡುವುದೆಂಬುದೇ ಅಲ್ಲಿ ಪ್ರಶ್ನೆ. ಅವನು ಬಂದುದರಿಂದ ಸ್ಥಳಕ್ಕೂ ಅಲ್ಲಿ ಮೊದಲಿನಿಂದ ಇದ್ದವರಿಗೂ ಏನಾಗುವುದೆಂಬುದು ಅಲ್ಲಿಯ ಪ್ರಶ್ನೆಯಲ್ಲ. ಋಷಿಗಳ ಕಾಲದಲ್ಲಿ ಅರಣ್ಯವು ಅಪಾರವಾಗಿದ್ದು ಜನರು ಸ್ವಲ್ಪವಾಗಿದ್ದರು. ಆಗ ಆ ವಿಚಾರಕ್ಕೆ ಅವಕಾಶವು ಕಡಿಮೆ. ಈಗ ಜನರು ಅಪಾರ, ಅರಣ್ಯವು ಸ್ವಲ್ಪ. ಆದುದರಿಂದ ಬಿಟ್ಟುಹೋದ ಆ ಪ್ರಶ್ನೆಯೇ ಈಗ ಮೊದಲನೆಯದಾಗಿ ನಿಲ್ಲಬೇಕಾಗಿದೆ. ಅದಕ್ಕೆ ಉತ್ತರವನ್ನು ಕೊಡುವ ಮಾತು ಶಾಸ್ತ್ರದಲ್ಲಿಯೇ ಬೇರೊಂದು ಕಡೆ ಇದೆ. ಆ ಮಾತು ಅಭಯವೆಂಬುದು.

ಮೃಗಗಳಿಗಾಗಿ ಕಾದಿಟ್ಟ ಕಾಡಿಗೆ ಅಭಯಾರಣ್ಯವೆಂಬ ಹೆಸರು ಇಂದು ಎಲ್ಲರ ಬಾಯಲ್ಲಿಯೂ ಇದೆ. ಅದರ ಅರ್ಥವನ್ನು ನಿಂತು ನೋಡುವವರು ಕಡಿಮೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಭಯವನವೆಂಬ ಮಾತೇ ಇರುವುದು. 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಆ ಗ್ರಂಥವನ್ನು ಅಚ್ಚು ಹಾಕಿಸಿ ಲೋಕಕ್ಕೆ ತೋರಿಸಿಕೊಟ್ಟ ಸಂಗತಿಯು ಕನ್ನಡ ನಾಡಿನವರಿಗೆ ಅಭಿಮಾನದ ವಿಷಯವಷ್ಟೆ. ಅದರ ಎರಡನೆಯ ಅಧಿಕರಣದಲ್ಲಿ ಅಭಯವನದ ಮೃಗ, ಪಕ್ಷಿ, ಮೀನುಗಳನ್ನು ಹಿಡಿಯುವವನಿಗೂ ಕೊಲ್ಲುವವನಿಗೂ ಹಿಂಸಿಸುವವನಿಗೂ ಅತಿ ಹೆಚ್ಚಿನ ದರ್ಜೆಯ ದಂಡವನ್ನು ವಿಧಿಸಿದೆ. ಅದೇ ಅಧಿಕರಣದಲ್ಲಿ ತಪಸ್ಸಿಗೂ ವೇದಾಧ್ಯಯನಕ್ಕೂ ಬಿಟ್ಟುಕೊಡಬೇಕಾದ ಕಾಡು ಬೇರೆ, ರಾಜನ ವಿಹಾರದ ಕಾಡು ಬೇರೆ, ನಾಡಿನ ಅಂಚಿನಲ್ಲಿ ಸಕಲ ಮೃಗಗಳೂ ಅತಿಥಿಗಳಾಗಿ ಬಂದಿರತಕ್ಕ ಕಾಡು ಬೇರೆ ಎಂದು ವಿಂಗಡಿಸಿರುವನು. ಮನುಷ್ಯನ ಶಾಂತಿಯ ಕಾಡು, ಮನುಷ್ಯನ ವಿನೋದದ ಕಾಡು, ಮೃಗಗಳ ನೆಮ್ಮದಿಯ ಕಾಡು ಇವು ಮೂರೂ ಒಂದೇ ಆಗಲಾರವೆಂಬ ವಿವೇಕವು ಈ ವಿಂಗಡಣೆಯಲ್ಲಿ ಅಡಗಿದೆ. ಈಗಿನವರಿಗೆ ಉಳಿದಿರುವುದು ಬಹುಮಟ್ಟಿಗೆ ಮೂರನೆಯ ಕಾಡೊಂದೇ. ಮೊದಲಿನ ಎರಡರಲ್ಲಿ ಪಡೆಯಬೇಕಾದುದನ್ನೂ ಅವರು ಮೂರನೆಯದರಲ್ಲಿಯೇ ಪಡೆಯಲು ಹೋಗುವರು. ತೊಡಕೆಲ್ಲವೂ ಅಲ್ಲಿಂದ ಹುಟ್ಟಿದುದು.

ಮನೆಯನ್ನು ತೊರೆದು ಅರಣ್ಯಕ್ಕೆ ಹೊರಡುವ ಸಂನ್ಯಾಸಿಗೆ ಧರ್ಮಶಾಸ್ತ್ರವು ವಿಧಿಸಿರುವ ಮೊದಲ ಕರ್ತವ್ಯಗಳಲ್ಲಿ ಒಂದು ಸರ್ವಭೂತಗಳಿಗೂ ಅಭಯದಾನ. ತನ್ನಿಂದ ಯಾವ ಪ್ರಾಣಿಗೂ ಭಯವಿಲ್ಲದಿರಲೆಂದು ಮಾತು ಕೊಟ್ಟು ಅವನು ಹೊರಡಬೇಕು. ಇಲ್ಲಿಯ ಕ್ರಮವು ಗಮನಾರ್ಹವಾದುದು. ಅರಣ್ಯದಲ್ಲಿ ಶಾಂತಿಯನ್ನು ಪಡೆದ ಬಳಿಕ ಅದಕ್ಕೆ ಪ್ರತಿಯಾಗಿ ಅಭಯವನ್ನು ಕೊಡತಕ್ಕದ್ದೆಂದು ಹೇಳಿಲ್ಲ. ಕೊಟ್ಟ ಬಳಿಕವೇ ಹೊರಡತಕ್ಕದ್ದೆಂದು ಹೇಳಿದೆ. ಕಾಳಿದಾಸನ ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನು ಕಣ್ವಾಶ್ರಮದ ಬಾಗಿಲಿಗೆ ಬಂದಾಗ ಒಡವೆಗಳನ್ನೂ ಬಿಲ್ಲನ್ನೂ ಸಾರಥಿಯ ಕೈಗೆ ಕೊಟ್ಟು, ತಪೋವನವನ್ನು ವಿನೀತವೇಷದಿಂದ ಹೊಗಬೇಕೆಂಬ ಭಾವದಿಂದ ಒಳಗೆ ನಡೆಯುವನು. ಅವನು ಆ ನೆಲದ ಅರಸು. ಆದರೂ ಆ ಬಾಗಿಲಿನಲ್ಲಿ ಅವನು ಅರಸುತನವನ್ನು ಇಳಿಸಿಟ್ಟನು. ಕಾಡಿಗೆ ಹೋಗುವವನು ಇಳಿಸಬೇಕಾದ ಆಯುಧವು ಈಗ ಬಿಲ್ಲಲ್ಲ. ಗಟ್ಟಿಯಾದ ಸಂಗೀತ, ಕೂಗಾಟ, ಬೆಂಕಿ, ಎಸೆದುಹೋಗುವ ಪ್ಲಾಸ್ಟಿಕ್ಕು, ಎಲ್ಲವೂ ತನಗಾಗಿಯೇ ಇರುವುದೆಂಬ ಎಣಿಕೆ ಇವೇ ಈಗಿನ ಬಿಲ್ಲುಬಾಣಗಳು.

ಮಂಡ್ಯ ಜಿಲ್ಲೆಯೊಂದರಲ್ಲಿಯೇ ಅಭಯದ ಮೂರು ಬಗೆಗಳನ್ನು ನೋಡಬಹುದು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಮೊದಲನೆಯದು. 17ನೆಯ ಶತಮಾನದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಅಣೆಯಿಂದ ಅಲ್ಲಿ ಸಣ್ಣ ಸಣ್ಣ ನಡುಗಡ್ಡೆಗಳು ಉಂಟಾದುವು. ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರು ಅಲ್ಲಿಯ ಹಕ್ಕಿಗಳನ್ನು ಕಂಡು ಮೈಸೂರು ಅರಸರಿಗೆ ಸಲಹೆಯನ್ನಿತ್ತ ಮೇಲೆ 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವವುಳ್ಳ ಜೌಗುನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ಅದರ ವಿಸ್ತಾರವು ಒಂದು ಚದರ ಕಿಲೋಮೀಟರೂ ಇಲ್ಲ. ನೋಡಲು ಬಂದವರು ದೋಣಿಯಲ್ಲಿ ಕುಳಿತು ದೂರದಿಂದ ನೋಡಿ ಹಿಂದಿರುಗುವರು. ನಡುಗಡ್ಡೆಯ ಮೇಲೆ ಕಾಲಿಡುವಂತಿಲ್ಲ. ಅಲ್ಲಿಯ ಶಾಂತಿಯು ಮನುಷ್ಯನು ಇಳಿಯದಿರುವುದರಿಂದಲೇ ಉಳಿದಿರುವುದು. ಕೊಕ್ಕರೆಯ ಗೂಡುಗಳಿರುವ ಮರಗಳ ನಡುವೆ ಜೋಲಿಯನ್ನು ಕಟ್ಟಬೇಕೆಂದು ಆಸೆಪಡುವವನು ಆ ಶಾಂತಿಯನ್ನು ಮುರಿಯದೆ ಅದನ್ನು ಪಡೆಯಲಾರನು.

ಮೇಲುಕೋಟೆಯು ಎರಡನೆಯದು. ಶತಮಾನಗಳಿಂದ ಪಂಡಿತರಿಗೂ ಯಾತ್ರಿಕರಿಗೂ ನೆಲೆಯಾಗಿರುವ ಆ ಬೆಟ್ಟದ ಸುತ್ತ ಸುಮಾರು 50 ಚದರ ಕಿಲೋಮೀಟರ್ ಕುರುಚಲು ಕಾಡನ್ನು 1974ರಲ್ಲಿ ತೋಳಗಳ ರಕ್ಷಣೆಯ ಸಲುವಾಗಿ ವನ್ಯಜೀವಿಧಾಮವೆಂದು ಸಾರಲಾಯಿತು. ಇಲ್ಲಿ ಊರೂ ಕಾಡೂ ಒಂದಕ್ಕೊಂದು ಅಂಟಿಕೊಂಡಿವೆ. ಯಾತ್ರಿಕನಿಗೆ ಮೆಟ್ಟಿಲಿದೆ, ಮಂಟಪವಿದೆ, ಕಲ್ಯಾಣಿಯ ಕಟ್ಟೆಯಿದೆ. ತೋಳಕ್ಕೆ ಪೊದೆಯೂ ಬಂಡೆಯ ಸಂದಿಯೂ ಮಾತ್ರ ಇರುವುವು. ಮಂಟಪದ ನೆರಳನ್ನು ಬಿಟ್ಟು ಪೊದೆಯ ನೆರಳನ್ನು ಅರಸಿ ಹೋಗುವವನು ಹೆಚ್ಚು ಇರುವವನು ಕಡಿಮೆ ಇರುವವನಿಂದ ಕಸಿದುಕೊಂಡಂತೆ ಮಾಡುವನು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಮೂರನೆಯದು. ಇಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರಿನೊಳಗೆ ಮನೆಗಳ ಹಿತ್ತಿಲ ಹುಣಿಸೆಮರಗಳ ಮೇಲೆಯೇ ಗೂಡು ಕಟ್ಟಿ ಮರಿ ಮಾಡುವುವು. ಗೂಡಿರುವ ಮರದಿಂದ ಹುಣಿಸೆಹಣ್ಣನ್ನು ಬಡಿದು ಇಳಿಸಿದರೆ ಮರಿಗಳಿಗೆ ಕೇಡು. ಇಳಿಸದಿದ್ದರೆ ಒಡೆಯನಿಗೆ ನಷ್ಟ. ಅರಣ್ಯ ಇಲಾಖೆಯು ಸ್ವಲ್ಪ ಪರಿಹಾರವನ್ನು ಕೊಡುವ ಏರ್ಪಾಡನ್ನು ಮಾಡಿತು. ಆದರೆ ಅದಕ್ಕೂ ಎಷ್ಟೋ ಹಿಂದಿನಿಂದ ಊರವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸಿ ನಡೆದುಕೊಂಡು ಬಂದಿರುವರು. 2007ರಲ್ಲಿ ಆ ಊರು ಸಮುದಾಯದ ರಕ್ಷಿತ ಪ್ರದೇಶವೆಂದು ಸಾರಲ್ಪಟ್ಟಿತು. ಇಲ್ಲಿ ಮನುಷ್ಯನು ದೂರ ಸರಿಯದೆಯೂ ಅಭಯವನ್ನು ಕೊಟ್ಟನು. ಹಿತ್ತಿಲಲ್ಲಿ ಮುದುಕನೊಬ್ಬನು ಮಂಚದ ಮೇಲೆ ಮಲಗಿದ್ದರೆ ಮೇಲಿನ ಹೆಜ್ಜಾರ್ಲೆಯು ಬೆದರುವುದಿಲ್ಲ. ಅದೇ ಮರದ ಕೆಳಗೆ ಅಪರಿಚಿತರ ಗುಂಪು ಗದ್ದಲವೆಬ್ಬಿಸಿದರೆ ಬೆದರುವುದು. ಆ ಮುದುಕನಿಗೆ ದೊರೆತ ನಂಬಿಕೆಯು ಅವನೊಬ್ಬನ ಗಳಿಕೆಯಲ್ಲ. ತಲೆಮಾರುಗಳು ಹಣ್ಣನ್ನು ಬಿಟ್ಟುಕೊಟ್ಟು ಕೂಡಿಟ್ಟ ಗಂಟು. ಕಾಡಿನ ಪ್ರಶಾಂತತೆಯೆಂಬುದು ಹೀಗೆ ಬರಿಯ ಶಬ್ದವಿಲ್ಲದಿರುವಿಕೆಯಲ್ಲ, ಅಲ್ಲಿಯ ಜೀವಿಗಳ ಭಯವಿಲ್ಲದಿರುವಿಕೆಯೆಂದು ಇದರಿಂದ ತಿಳಿಯುವುದು.

ಇದಕ್ಕೆ ಒಂದು ಆಕ್ಷೇಪವುಂಟು. ಒಬ್ಬನು ಎರಡು ಮರಗಳಿಗೆ ಬಟ್ಟೆಯನ್ನು ಕಟ್ಟಿ ಎರಡು ಗಳಿಗೆ ಸುಮ್ಮನೆ ಮಲಗಿ ಎದ್ದುಹೋದರೆ ಕಾಡಿಗೆ ಆಗುವ ಹಾನಿಯೇನು? ಅವನು ಕಡಿಯಲಿಲ್ಲ, ಕೊಲ್ಲಲಿಲ್ಲ, ಕೀಳಲಿಲ್ಲ. ನಿಜ, ಆದರೆ ಕೆಲವು ಹಾನಿಗಳು ಕಣ್ಣಿಗೆ ಬೀಳುವಂತಹವಲ್ಲ. ಮರದ ಎಲೆಗಳಲ್ಲಿ ಸಿದ್ಧವಾದ ಆಹಾರವು ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಸಣ್ಣ ಹಗ್ಗವು ಭಾರದಿಂದ ಒತ್ತಿ ಆ ಪದರವನ್ನು ನಸುಕಿದರೆ ಮರಕ್ಕೆ ಆಗುವ ಗಾಯವು ಹೊರಗೆ ಕಾಣದು. ಗೂಡಿನ ಮೇಲೆ ಕುಳಿತ ಹಕ್ಕಿಯು ಮನುಷ್ಯನಿಗೆ ಹೆದರಿ ಎದ್ದುಹೋದರೆ ಬಿಸಿಲಿಗೆ ಮೊಟ್ಟೆಯು ಕೆಡುವುದು, ಇಲ್ಲವೆ ಕಾಗೆಯ ಪಾಲಾಗುವುದು. ಕೆಳಗೆ ಮಲಗಿದವನಿಗೆ ಅದರ ಅರಿವೇ ಇರದು. ಅವನು ಪರಮ ಶಾಂತಿಯಲ್ಲಿರುವ ಗಳಿಗೆಯೇ ಮೇಲಿನ ಕೊಂಬೆಯಲ್ಲಿ ಒಂದು ಸಂಸಾರವು ಹಾಳಾಗುವ ಗಳಿಗೆಯಾಗಬಹುದು. ಅಲ್ಲದೆ ಒಬ್ಬನ ಬಳಿಕ ಇನ್ನೊಬ್ಬನು ಬರುವನು. ಒಬ್ಬನಿಂದ ಏನಾದೀತು ಎಂದು ಪ್ರತಿಯೊಬ್ಬನೂ ಅಂದುಕೊಂಡುದರಿಂದಲೇ ಎಷ್ಟೋ ಕೆರೆಗಳು ಹೂಳು ತುಂಬಿದುವು.

ಜೋಲಿಯನ್ನು ಕಟ್ಟುವ ವಿಧಾನದಲ್ಲಿಯೇ ಒಂದು ನೀತಿಯು ಅಡಗಿರುವುದು ವಿನೋದಕರವಾಗಿದೆ. ಅರುವತ್ತು ಕಿಲೋಗ್ರಾಂ ತೂಕದ ಮನುಷ್ಯನು ಮಲಗಿರುವನೆಂದು ಇಟ್ಟುಕೊಳ್ಳಬಹುದು. ಹಗ್ಗವು ನೆಲಕ್ಕೆ ಸಮಾನವಾದ ರೇಖೆಯೊಡನೆ 30 ಡಿಗ್ರಿಯ ಕೋನವಾಗುವಂತೆ ಸಡಿಲವಾಗಿ ಕಟ್ಟಿದರೆ ಒಂದೊಂದು ಮರದ ಮೇಲೆಯೂ 60 ಕಿಲೋಗ್ರಾಂ ಭಾರದಷ್ಟು ಎಳೆತವು ಬೀಳುವುದು. ಅದನ್ನು ಬಿಗಿದು ಕೋನವನ್ನು 10 ಡಿಗ್ರಿಗೆ ಇಳಿಸಿದರೆ ಎಳೆತವು ಸುಮಾರು 173 ಕಿಲೋಗ್ರಾಮಿಗೆ ಏರುವುದು. 5 ಡಿಗ್ರಿಗೆ ಇಳಿಸಿದರೆ 344ಕ್ಕೆ ಮುಟ್ಟುವುದು. ಮಲಗಿದವನ ತೂಕವು ಮಾತ್ರ ಅಷ್ಟೇ ಇರುವುದು. ತನ್ನ ಹಾಸಿಗೆಯು ಸ್ವಲ್ಪವೂ ಬಾಗದೆ ಚಪ್ಪಟೆಯಾಗಿರಬೇಕೆಂದು ಹಟ ಹಿಡಿದವನು ತನ್ನ ತೂಕದ ಐದಾರು ಪಾಲು ಭಾರವನ್ನು ಆಧಾರವಾದವರ ಮೇಲೆ ಹೇರುವನು. ತಾನು ಬಾಗಲು ಒಪ್ಪಿದವನು ತನ್ನ ತೂಕವನ್ನಷ್ಟೇ ಹೇರುವನು. ಗೃಹಸ್ಥಾಶ್ರಮದಲ್ಲಿಯೂ ಈ ಲೆಕ್ಕವು ತಪ್ಪುವುದಿಲ್ಲವೆಂದು ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ಆಕ್ಷೇಪವು ಇದಕ್ಕಿಂತ ಗಂಭೀರವಾದುದು. ರಕ್ಷಿತ ಅರಣ್ಯದ ಅಂಚಿನಲ್ಲಿ ವಾಸಿಸುವ ಬಡವನಿಗೆ ಕುರಿಯನ್ನು ಮೇಯಿಸಬೇಡ, ಸೌದೆಯನ್ನು ತರಬೇಡ ಎಂದು ಕಾವಲುಗಾರನು ತಡೆಯುವನು. ಅದೇ ಅರಣ್ಯದಲ್ಲಿ ಪಟ್ಟಣದಿಂದ ಬಂದವನು ಜೋಲಿಯನ್ನು ಕಟ್ಟಿ ಮಲಗಿದರೆ ಅದು ಯಾವ ನ್ಯಾಯ? ಒಬ್ಬನ ಹೊಟ್ಟೆಪಾಡಿಗೆ ಇಲ್ಲದ ಎಡೆಯು ಇನ್ನೊಬ್ಬನ ವಿನೋದಕ್ಕೆ ಇರಬಹುದೇ? 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಅಭಯಾರಣ್ಯವನ್ನು ಹೊಗುವವರಿಗೆ ಅನುಮತಿಯನ್ನು ವಿಧಿಸಿ, ಆ ಅನುಮತಿಯನ್ನು ಯಾವ ಯಾವ ಉದ್ದೇಶಗಳಿಗೆ ಕೊಡಬಹುದೆಂದು ಹೇಳಿದೆ. ಅಧ್ಯಯನ, ಛಾಯಾಚಿತ್ರ, ಸಂಶೋಧನೆಗಳ ಜೊತೆಗೆ ಪ್ರವಾಸವೂ ಅದರಲ್ಲಿ ಸೇರಿದೆ. ಶಾಸನದ ಮಾತು ಅಷ್ಟು. ಆದರೆ ಶಾಸನವು ಒಪ್ಪಿದುದೆಲ್ಲವೂ ಧರ್ಮವಾಗಿ ಬಿಡುವುದಿಲ್ಲ. ಕುರುಬನು ತ್ಯಾಗ ಮಾಡಿದ ಹುಲ್ಲಿನ ಮೇಲೆ ತಾನು ನಿಂತಿರುವೆನೆಂಬ ನೆನಪು ಪ್ರವಾಸಿಗೆ ಇರಬೇಕು. ಆ ನೆನಪು ಇದ್ದವನು ಅನುಮತಿಯಿಲ್ಲದೆ ಹೊಗನು. ತೋರಿಸಿದ ದಾರಿಯನ್ನು ಬಿಟ್ಟು ನಡೆಯನು. ಕಾವಲುಗಾರನೊಡನೆ ವಾದಕ್ಕೆ ನಿಲ್ಲನು. ಆ ನೆನಪಿಲ್ಲದವನು ಚೀಟಿಯನ್ನು ಕೊಂಡಿದ್ದರೂ ಅತಿಕ್ರಮಣಕಾರನೇ ಸರಿ.

ಹಾಗಾದರೆ ಜೋಲಿಯನ್ನು ಕಟ್ಟುವುದೇ ಬೇಡವೇ? ಹಾಗೆಂದು ಸಿದ್ಧಾಂತವಲ್ಲ. ಅನುಮತಿಯಿರುವ ಎಡೆಯಲ್ಲಿ, ಮನುಷ್ಯರು ಮೊದಲೇ ಓಡಾಡುವ ಭಾಗದಲ್ಲಿ, ಅಭಯವನ್ನು ಕೊಟ್ಟು ಅದನ್ನು ಪಡೆಯುವುದಕ್ಕೆ ಅಡ್ಡಿಯಿಲ್ಲ. ಅದಕ್ಕೆ ಕೆಲವು ಕಟ್ಟಳೆಗಳು ತಾವಾಗಿಯೇ ಹೊರಡುವುವು. ಹಗ್ಗವನ್ನು ಬಿಚ್ಚುವುದಕ್ಕೆ ಮೊದಲು ತಲೆಯೆತ್ತಿ ನೋಡತಕ್ಕದ್ದು: ಗೂಡಿದೆಯೋ, ಹೆಜ್ಜೇನಿನ ಹುಟ್ಟಿಯಿದೆಯೋ, ಒಣಗಿದ ಕೊಂಬೆಯಿದೆಯೋ ಎಂದು. ಬಳಿಕ ತಲೆಬಾಗಿ ನೋಡತಕ್ಕದ್ದು: ಬಿಲವಿದೆಯೋ, ಹುತ್ತವಿದೆಯೋ, ನೀರಿಗೆ ಹೋಗುವ ಮೃಗಗಳ ಜಾಡಿದೆಯೋ ಎಂದು. ಒಣಗಿದ ಮರವನ್ನು ಎರಡು ಕಾರಣಗಳಿಂದ ಬಿಡಬೇಕು. ಅದು ಬಿದ್ದೀತೆಂಬುದೊಂದು, ಅದರ ಪೊಟರೆಯಲ್ಲಿ ಗೂಬೆಯೋ ಗಿಳಿಯೋ ಸಂಸಾರ ಮಾಡಿಕೊಂಡಿರಬಹುದೆಂಬುದು ಇನ್ನೊಂದು. ಎಳೆಯ ಮರಕ್ಕೆ ಕಟ್ಟಲಾಗದು. ತೊಡೆಗಿಂತ ದಪ್ಪನಾದ, ಬಲಿತ, ಹಸಿರಾದ ಮರವೇ ಆಗಬೇಕು. ಸಣ್ಣ ಹಗ್ಗದ ಬದಲು ಎರಡು ಮೂರು ಬೆರಳಗಲದ ಪಟ್ಟಿಯನ್ನು ಸುತ್ತಬೇಕು. ಮೊಳೆಯನ್ನು ಹೊಡೆಯುವುದು, ಕೊಂಬೆಯನ್ನು ಕಡಿದು ಜಾಗ ಮಾಡಿಕೊಳ್ಳುವುದು ಸರ್ವಥಾ ಸಲ್ಲದು. ನೀರಿನ ಅಂಚಿನಲ್ಲಿ ಸಂಜೆಯಾಗುವವರೆಗೆ ಇರಲಾಗದು. ಹಗಲೆಲ್ಲ ಬಾಯಾರಿದ ಮೃಗಗಳಿಗೆ ಅದೇ ಸರದಿಯ ಹೊತ್ತು. ಎದ್ದುಹೋಗುವಾಗ ಒಂದು ನೂಲೆಳೆಯೂ ಉಳಿಯಲಾಗದು. ಕೊನೆಯದಾಗಿ, ಹೀಗೆ ಕಂಡುಕೊಂಡ ಸ್ಥಳವನ್ನು ಊರಿಗೆಲ್ಲ ಸಾರಬಾರದು. ನೂರು ಜನರಿಗೆ ತಿಳಿದ ಏಕಾಂತವು ಏಕಾಂತವಾಗಿ ಉಳಿದುದಿಲ್ಲ.

ಇಷ್ಟೆಲ್ಲ ಕಟ್ಟಳೆಗಳನ್ನು ನೋಡಿ ಬೇಸರಪಡುವವರಿಗೆ ಒಂದು ಮಾತು. ಈ ನಾಡಿನ ಹಿರಿಯರು ಇದಕ್ಕೆ ಸುಲಭವಾದ ಪರಿಹಾರವನ್ನು ಮಾಡಿಟ್ಟಿದ್ದರು. ಹಳೆಯ ಮೈಸೂರು ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಗುಂಡುತೋಪು ಎಂಬುದು ಇರುತ್ತಿದ್ದಿತು. ಮಾವು, ಹುಣಿಸೆ, ನೇರಳೆ, ಹೊಂಗೆ, ಇಪ್ಪೆ ಮೊದಲಾದ ಮರಗಳನ್ನು ಊರೊಟ್ಟಿನ ನೆಲದಲ್ಲಿ ಬೆಳೆಸಿ ದಾರಿಹೋಕರಿಗೂ ದನಕರುಗಳಿಗೂ ಬಿಟ್ಟಿರುತ್ತಿದ್ದರು. ದಣಿದವನು ಅಲ್ಲಿ ಯಾರನ್ನೂ ಕೇಳದೆ ಮಲಗಬಹುದಾಗಿದ್ದಿತು. ಅವನಿಗಾಗಿಯೇ ಅದನ್ನು ಬೆಳೆಸಿದುದು. ಮನುಷ್ಯನ ವಿಶ್ರಾಂತಿಗೆ ತೋಪು, ಮೃಗದ ವಿಶ್ರಾಂತಿಗೆ ಕಾಡು ಎಂಬ ಏರ್ಪಾಡು ಅದರಿಂದ ನಡೆಯುತ್ತಿದ್ದಿತು. ಕಾಲಕ್ರಮದಲ್ಲಿ ತೋಪುಗಳಲ್ಲಿ ಬಹಳಷ್ಟು ಒತ್ತುವರಿಗೆ ತುತ್ತಾದುವು, ಕೆಲವು ನಿವೇಶನಗಳಾದುವು, ಕೆಲವು ಕಸದ ತಿಪ್ಪೆಗಳಾದುವು. ಕಂದಾಯದ ದಾಖಲೆಯಲ್ಲಿ ತೋಪೆಂದು ಬರೆದಿದ್ದು ನೆಲದ ಮೇಲೆ ಒಂದು ಮರವೂ ಇಲ್ಲದ ಎಡೆಗಳುಂಟು. ತೋಪನ್ನು ಕಳೆದುಕೊಂಡವರು ಈಗ ಎರಡು ಮರಗಳನ್ನು ಅರಸಿಕೊಂಡು ತೋಳದ ಮನೆಯವರೆಗೆ ಹೋಗಬೇಕಾಗಿ ಬಂದಿದೆ. ತಮ್ಮ ಪಾಲನ್ನು ಮಾರಿ ಉಂಡವರು ನೆರೆಯವರ ಕಣಜಕ್ಕೆ ಕೈಯಿಕ್ಕುವಂತೆ ಇದು ಕಾಣುವುದು.

ಕೆರೆ, ಬಾವಿ, ಅರವಟ್ಟಿಗೆ, ತೋಪು ಇವುಗಳನ್ನು ಮಾಡಿಸುವುದಕ್ಕೆ ಧರ್ಮಶಾಸ್ತ್ರದಲ್ಲಿ ಪೂರ್ತವೆಂದು ಹೆಸರು. ಯಾಗಾದಿಗಳಾದ ಇಷ್ಟಕ್ಕೆ ಅಧಿಕಾರವು ಕೆಲವರಿಗೆ ಮಾತ್ರ ಇದ್ದರೂ ಪೂರ್ತಕ್ಕೆ ಎಲ್ಲರಿಗೂ ಅಧಿಕಾರವುಂಟೆಂದು ಸ್ಮೃತಿಕಾರರ ಮತ. ಶಾಂತಿಯ ತಾಣವನ್ನು ಹುಡುಕುವ ವಿದ್ಯಾವಂತ ಗೃಹಸ್ಥರು ತಮ್ಮ ಊರಿನ ತೋಪಿನ ನೆಲವು ಎಲ್ಲಿ ಹೋಯಿತೆಂದು ಮೊದಲು ಹುಡುಕುವುದು ಮೇಲು. ದಾಖಲೆಯನ್ನು ತೆಗೆಸಿ ನೋಡಿ, ಉಳಿದಿರುವಷ್ಟಕ್ಕೆ ಬೇಲಿಯನ್ನು ಹಾಕಿಸಿ, ಹೊಂಗೆಯನ್ನೋ ನೇರಳೆಯನ್ನೋ ನೆಟ್ಟು ನಾಲ್ಕು ಬೇಸಗೆ ನೀರೆರೆದರೆ ಆ ಗಿಡಗಳು ತಾವಾಗಿ ಎದ್ದು ನಿಲ್ಲುವುವು. ಅವು ಜೋಲಿಯ ಭಾರವನ್ನು ಹೊರುವಷ್ಟು ಬಲಿಯುವುದಕ್ಕೆ ಒಂದು ತಲೆಮಾರಿನ ಕಾಲ ಬೇಕಾದೀತು. ನೆಟ್ಟವನಿಗೆ ಅಲ್ಲಿ ಮಲಗುವ ಯೋಗವು ದೊರೆಯದೆ ಹೋಗಬಹುದು. ಹಾಗಾದರೂ ನಷ್ಟವಿಲ್ಲ. ಮಕ್ಕಳು ಅಲ್ಲಿ ಮಲಗುವರು. ಬದುವಿನಲ್ಲಿ ದುಡಿಯುವ ತಾಯಿಯ ಕೂಸು ಅಲ್ಲಿ ಮಲಗುವುದು. ಮೇಲಿನ ಕೊಂಬೆಯಲ್ಲಿ ಹಕ್ಕಿಯೊಂದು ಹೆದರದೆ ಗೂಡು ಕಟ್ಟುವುದು. ಅಂತಹ ಮರದ ನೆರಳಿನಲ್ಲಿ ಮಲಗುವವನು ಯಾರ ಪಾಲನ್ನೂ ತೆಗೆದುಕೊಂಡವನಾಗುವುದಿಲ್ಲ.